ಬಳೆಗಾರ ಶರಣಪ್ಪನ ಕೈ

ಶರಣಪ್ಪ ಹೆಂಗಸರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಎದುರಿಗೆ ಕೂತವಳು ಗೌಡರ ಸೊಸೆಯೋ ಕಳೆ ಕೀಳುವವಳೋ ಎಂಬುದು ಅವನಿಗೆ ತಿಳಿಯುತ್ತಿದ್ದುದೇ ಹೆಬ್ಬೆರಳ ಬುಡದ ಎಲುಬಿನಿಂದ. ಆ ಎಲುಬನ್ನು ಅಂಗೈಯಲ್ಲಿ ಒತ್ತಿ, ಬೆರಳೆಲ್ಲ ಕೂಡಿಸಿ ಹಿಂಡಿ, ಅಳತೆಗಿಂತ ಸಣ್ಣ ಬಳೆಯನ್ನೂ ಒಡೆಯದೆ ಏರಿಸುತ್ತಿದ್ದ. ಬಳೆ ಮಣಿಕಟ್ಟಿಗೆ ಬಂದ ಮೇಲೆಯೇ ನಮಗೆ ಗೊತ್ತಾಗುವುದು.

ಅದಕ್ಕೆ ಅವನದೊಂದು ಉಪಾಯವಿತ್ತು. "ಕೈ ನನಗ ಕೊಡು, ಮಾತು ಅಕಿಗೆ ಕೊಡು" ಎಂದು ಪಕ್ಕದವಳ ಜೊತೆ ಮಾತಿಗೆ ಹಚ್ಚುತ್ತಿದ್ದ. ಯಾಕಣ್ಣಾ ಎಂದರೆ, "ನೀ ಕೈ ನೋಡಕೋತ ಕುಂತ್ರ ಅದಕ್ಕ ಅಂಜಿಕಿ ಬರ್ತದ, ಬಿಗಿ ಹಿಡೀತದ. ಮರತುಬಿಡು, ಅದರ ಪಾಡಿಗೆ ಅದು ಮೆತ್ತಗಾಗ್ತದ" ಎನ್ನುತ್ತಿದ್ದ. ಹೀಗಾಗಿ ಅವನ ಮುಂದೆ ಕೂತು ನಾವು ಊರ ಸುದ್ದಿಯೆಲ್ಲ ಆಡಿ ಮುಗಿಸುತ್ತಿದ್ದೆವು. ಅವನ ಕಿವಿಗೆ ಬಿದ್ದದ್ದು ಬೇರೆ ಯಾರ ಕಿವಿಗೂ ಹೋಗುತ್ತಿರಲಿಲ್ಲ.

ಅವನ ಮನೆ ಸುರಪುರದಲ್ಲಿ. ವಾರಕ್ಕೊಮ್ಮೆ ನಮ್ಮ ಕೆಂಭಾವಿ ಸಂತೆಗೆ ಬರುತ್ತಿದ್ದ. ಸಂತೆ ಮುಗಿದ ಮೇಲೆ ಓಣಿಗೂ ಒಂದು ಸುತ್ತು ಬಂದು ನಮ್ಮ ಕಟ್ಟೆಯ ಮೇಲೆ ಗಂಟು ಇಳಿಸುತ್ತಿದ್ದ. ನನ್ನ ಮದುವೆಯ ಬಳೆ ಇಟ್ಟವನು ಅವನೇ. ಗಂಡ ಸತ್ತು ಅವು ಒಡೆದ ಮೇಲೆ ನಮ್ಮ ಕಟ್ಟೆಯಲ್ಲಿ ಅವನಿಗೆ ವ್ಯಾಪಾರವಿರಲಿಲ್ಲ. ಆದರೂ ಗಂಟು ಇಳಿಸುವುದು ಅಲ್ಲೇ. "ತಂಗಿ, ಜರಾ ನೀರು ಕೊಡು" ಎಂದು ಕೂಗುತ್ತಿದ್ದ. ಬೇರೆ ಹೆಂಗಸರು ಬಳೆಗಾಗಿ ಬಂದು ನನ್ನ ಕಟ್ಟೆಯಲ್ಲೇ ಕೂರಬೇಕಾಗುತ್ತಿತ್ತು. ಮುಂಡೆ ಮನೆ ಎಂದು ಬಿಟ್ಟು ಹೋಗದವನು ಅವನೊಬ್ಬ.

ಮೊದಲು ಅವನ ಬಲಗೈ ನಡುಗತೊಡಗಿತು. ಸುಮ್ಮನೆ ತೊಡೆಯ ಮೇಲೆ ಇಟ್ಟಾಗ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಿಕ್ಕುತ್ತಿದ್ದವು, ಜೋಳದ ಕಾಳೊಂದನ್ನು ಹೊರಳಿಸುತ್ತಿರುವ ಹಾಗೆ. ಆಮೇಲೆ ಮುಖ ಬಿಗಿಯಿತು. ನಗುತ್ತಿದ್ದವನು ನಗುವುದು ಬಿಟ್ಟ. ಕಣ್ಣು ಮಿಟುಕಿಸುವುದೂ ಕಡಿಮೆಯಾಗಿ, ಎತ್ತಲಾದರೂ ನೋಡಿದರೆ ನೋಟ ಅಲ್ಲೇ ನೆಟ್ಟಂತಿರುತ್ತಿತ್ತು. ಕುಡಿಯಲು ಕಲಿತಿದ್ದಾನೆ ಎಂದರು ಕೆಲವರು. ಹತ್ತಿರ ಕೂತವರಿಗೆ ವಾಸನೆ ಬರಲಿಲ್ಲ. ಆಗ ಬೇರೆ ಮಾತು ಹುಟ್ಟಿತು. ಯಾಕೆಂದರೆ ಅವನ ಕೈ ಬಳೆ ಇಡುವಾಗ ನಡುಗುತ್ತಿರಲಿಲ್ಲ. ಹೆಂಗಸಿನ ಕೈ ಹಿಡಿದ ಕೂಡಲೇ ಕಲ್ಲಿನಂತೆ ನಿಲ್ಲುತ್ತಿತ್ತು. ಬಿಟ್ಟರೆ ಮತ್ತೆ ಶುರು.

ಮೊಮ್ಮಗಳ ಕುಬಸಕ್ಕೆ ಹಸಿರು ಬಳೆ ಇಡಲು ಅವನನ್ನೇ ಕರೆಸಿದ್ದೆವು. ಬಸುರಿಯ ಸುತ್ತ ಮುತ್ತೈದೆಯರು ಕೂತಿದ್ದರು. ನನಗೆ ಅಲ್ಲಿ ಜಾಗವಿಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಶರಣಪ್ಪ ನಡುಗುವ ಕೈಯಲ್ಲಿ ಗಂಟು ಬಿಚ್ಚಿದ, ಮೊಮ್ಮಗಳ ಕೈ ಹಿಡಿದ. ನಡುಕ ನಿಂತಿತು. ಅವಳ ಅತ್ತೆ ಶಹಾಪುರದವಳು, ಬಾಯಿ ಜೋರು. ಎಲ್ಲರಿಗೂ ಕೇಳುವಂತೆ ಅಂದಳು:

"ನೋಡ್ರೇ, ಹೆಣ್ಣಿನ ಕೈ ಸಿಗೋತನಕ ನಡಗ್ತದ, ಸಿಕ್ಕ ಕೂಡಲೇ ತಣ್ಣಗಾಗ್ತದ! ಮುದುಕಗ ಇನ್ನಾ ಆಸಿ ಹೋಗಿಲ್ಲ."

ಮನೆ ತುಂಬ ನಗು. ಶರಣಪ್ಪ ತಲೆ ಎತ್ತಲಿಲ್ಲ. ಬಸುರಿಯ ಕೈ ಅರ್ಧಕ್ಕೆ ಬಿಡಬಾರದೆಂದು ಎರಡೂ ಕೈಗೆ ಬಳೆ ಇಟ್ಟು ಮುಗಿಸಿದ. ಗಂಟು ಕಟ್ಟುವಾಗ ಕೈ ನಡುಗಿ ಹಸಿರು ಬಳೆ ಒಂದೆರಡು ನೆಲಕ್ಕೆ ಬಿದ್ದು ಒಡೆದವು. ಚೂರುಗಳನ್ನು ತಾನೇ ಆರಿಸಿಕೊಂಡು, ಉಣ್ಣದೆ ಹೋದ. ಬೀಗರ ಮುಂದೆ ನಾನೇನು ಅನ್ನಲಿ? ಅವನಿಗೆಂದು ಎಡೆ ಮಾಡಿದ್ದ ತಾಟು ನನ್ನ ಕೈಯಲ್ಲೇ ಉಳಿಯಿತು.

ಆ ಮಾತು ಸಂತೆಗೆ ನಮಗಿಂತ ಮೊದಲೇ ಹೋಯಿತು. ಹೆಂಗಸರು ಅವನನ್ನು ದಾಟಿ ಮುಂದಿನ ಅಂಗಡಿಗೆ ಹೋಗತೊಡಗಿದರು. ಅವನು ಓಣಿಗೆ ಬರುವುದು ನಿಲ್ಲಿಸಿದ. ನಾನೇ ಬಸ್ಸು ಹತ್ತಿ ಸುರಪುರಕ್ಕೆ ಹೋದೆ.

ಹೊರಸಿನ ಮೇಲೆ ಕೂತಿದ್ದ. ಕೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದ.

"ಕೈ ಯಾಕ ಮುಚ್ಚೀಯಣ್ಣಾ, ನಾ ನೋಡಿಲ್ಲೇನು?"

"ನಾಚಿಕಿ ಬರ್ತದ ತಂಗಿ. ಕಲಬುರ್ಗಿ ದವಾಖಾನಿಗೆ ಹೋಗಿದ್ದೆ. ಮಿದುಳಿನ ಬುಡದಾಗ ಕರ್ರಗ ಒಂದೀಟು ಜಾಗ ಅದಂತ. ಅಲ್ಲಿ ಒಂದು ರಸ ಆಗ್ತದಂತ. ಆ ರಸ ಇದ್ರ ಕೈಗೆ ಸುಮ್ನಿರು ಅಂದ್ರ ಸುಮ್ನಿರ್ತದ, ಮುಖಕ್ಕ ನಗು ಅಂದ್ರ ನಗ್ತದ. ನಂದು ಬತ್ತಾಕತ್ತದ."

"ಮತ್ತ ಬಳಿ ಇಡೋವಾಗ ಹ್ಯಾಂಗ ನಿಂದ್ರತದ?"

"ನಾನೂ ಅದನ್ನೇ ಕೇಳಿದೆ. ಕೈ ಖಾಲಿ ಇದ್ರ ನಡಗ್ತದಂತ, ಕೆಲಸ ಹಚ್ಚಿದ್ರ ನಿಂದ್ರತದಂತ. ಈ ಬ್ಯಾನಿ ಗುಣಾನೇ ಹಂಗಂತ ಅಂದ್ರು ಡಾಕ್ಟರು." ತೊಡೆಯ ಕೆಳಗಿನಿಂದ ಕೈ ಹೊರಗೆ ತೆಗೆದು ಹೇಳಿದ: "ಕೈ ತಪ್ಪು ಮಾಡಿದ್ರ ಕಡಕೋಬಹುದಿತ್ತು. ಅದು ತಪ್ಪೇ ಮಾಡಿಲ್ಲಲ್ಲ ತಂಗಿ, ಏನು ಮಾಡ್ಲಿ?"

ಹೇಳುವಾಗ ಮುಖ ಮರದ ಹಲಗೆಯಂತಿತ್ತು. ನೀರು ಮಾತ್ರ ಕಣ್ಣಿನಿಂದ ಇಳಿಯುತ್ತಿತ್ತು. ಅಳುವ ಮುಖವನ್ನೂ ಆ ರೋಗ ಅವನಿಗೆ ಬಿಟ್ಟಿರಲಿಲ್ಲ.

ಬರುವ ಸಂತೆಗೆ ಬಾ ಎಂದು ಗಟ್ಟಿಯಾಗಿ ಹೇಳಿ ಬಂದೆ. ಓಣಿಯಲ್ಲಿ ಹೆಂಗಸರಿಗೆ ರಸದ ಸಂಗತಿ ತಿಳಿಸಿದೆ. ನೆರೆಮನೆ ಗಂಗಮ್ಮ ಸೆರಗು ಬಾಯಿಗೆ ಹಿಡಿದು, "ರಸ ಬತ್ತ್ಯದ ಅಂತಿ, ನಮ್ಮ ಕೈ ಹಿಡಿದಾಗ ಎಲ್ಲಿಂದ ಉಕ್ಕತದ ಬೇ?" ಎಂದಳು. ಮತ್ತೆ ನಗು. ಮಾತಿನಿಂದ ಆಗದು ಎಂದು ಆಗ ತಿಳಿಯಿತು.

ಸಂತೆಯ ದಿನ ಅವನು ಬಂದು ಗೋಣಿತಟ್ಟು ಹಾಸಿಕೊಂಡು ಕೂತಿದ್ದ. ಬಳೆ ತುಂಬ ಹರವಿದ್ದವು, ಮುಂದೆ ಒಬ್ಬಳೂ ಇಲ್ಲ. ಗಂಗಮ್ಮ ಮತ್ತೆ ನಾಲ್ಕಾರು ಜನ ಆಚೆ ಕಾಯಿಪಲ್ಯದವಳ ಹತ್ತಿರ ನಿಂತು ನೋಡುತ್ತಿದ್ದರು. ನಾನು ಕಾಯಿಪಲ್ಯದವಳ ರಾಶಿಯಿಂದ ಒಂದು ಉಳ್ಳಾಗಡ್ಡಿ ಎತ್ತಿಕೊಂಡು ಹೋಗಿ ಅವನ ನಡುಗುವ ಕೈಗೆ ಕೊಟ್ಟೆ.

"ಸುಲಿ ಅಣ್ಣಾ."

"ಯಾಕ ತಂಗಿ?"

"ಸುಲಿ ಅಂದ್ರ ಸುಲಿ."

ಸುಲಿಯತೊಡಗಿದ. ಕೈ ನಿಂತಿತು. ಸಿಪ್ಪೆ ಒಂದೊಂದಾಗಿ ನೀಟಾಗಿ ಬಂತು. ನಾನು ತಿರುಗಿ ಕೂಗಿದೆ: "ಗಂಗಮ್ಮ, ಇಲ್ಲಿ ಬಂದು ನೋಡು! ಮುದುಕಗ ಉಳ್ಳಾಗಡ್ಡಿ ಮ್ಯಾಲೂ ಆಸಿ ಆಗ್ಯದ!"

ಸಂತೆಯೇ ನಕ್ಕಿತು. ಕಾಯಿಪಲ್ಯದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ನಗುವುದು ಬೇರೆ, ಕೈ ಕೊಡುವುದು ಬೇರೆ. ಯಾರೂ ಮುಂದೆ ಬರಲಿಲ್ಲ. ಮೊದಲು ಯಾರು ಕೂರಬೇಕು ಎಂದು ಒಬ್ಬಳ ಮುಖ ಒಬ್ಬಳು ನೋಡಿದರು. ನಗು ಆರಿದರೆ ಮತ್ತೆ ಹಳೆಯ ಮಾತೇ ಉಳಿಯುವುದು.

ನಾನು ಕೂತೆ. ಕೈ ಚಾಚಿದೆ. ಗಂಡ ಸತ್ತಾಗಿನಿಂದ ಬರಿಗೈ ಅದು.

"ನಿಂದು ಬ್ಯಾಡ ತಂಗಿ" ಎಂದ, ನನಗೆ ಮಾತ್ರ ಕೇಳುವಂತೆ. "ಊರು ಬಾಯಿಗೆ ಬಂದಂಗ ಅಂತದ."

"ನಿನಗಂದದ್ದಕಿಂತ ಹೆಚ್ಚು ಏನಂತದ? ಹಾಕು."

ನನ್ನ ಕೈ ನಡುಗುತ್ತಿತ್ತು. ಅವನದು ನಡುಗಲಿಲ್ಲ. ಎಲುಬು ಒತ್ತಿ ನೋಡಿದ, ಬೆರಳ ಗಂಟು ದಪ್ಪವಾಗಿವೆ ಎಂದ. "ಮಾತು ಅಕಿಗೆ ಕೊಡು" ಎಂದು ಕಾಯಿಪಲ್ಯದವಳ ಕಡೆ ತೋರಿಸಿದ. ನಾನು ಅವಳಿಗೆ ಬದನೆಕಾಯಿ ಹೇಗೆ ಎಂದು ಕೇಳಿದೆ. ಅವಳು ಏನೋ ಹೇಳಿದಳು, ನೆನಪಿಲ್ಲ. ನೋಡುವಷ್ಟರಲ್ಲಿ ಎರಡೂ ಕೈಯಲ್ಲಿ ಕೆಂಪು ಗಾಜಿನ ಬಳೆಗಳಿದ್ದವು. ನಾನು ಏಳುವ ಮುಂಚೆಯೇ ಕಾಯಿಪಲ್ಯದವಳು ಬಂದು ನನ್ನನ್ನು ಮೊಳಕೈಯಲ್ಲಿ ಸರಿಸಿ, "ಮುದುಕಿ ಇಟಗೊಂಡಾಳ, ನನಗೇನಾಗ್ಯದ? ಹಸರು ಹಾಕಣ್ಣಾ" ಎಂದಳು. ಆಮೇಲೆ ಇನ್ನಿಬ್ಬರು. ಗಂಗಮ್ಮ ಕಡೆಗೆ ಬಂದಳು, ಬಂದಳಲ್ಲ, ಅಷ್ಟು ಸಾಕು. ಒಂದೆರಡು ವರ್ಷ ಅವನ ತಟ್ಟಿನ ಮುಂದೆ ಜನ ಕಡಿಮೆಯಾಗಲಿಲ್ಲ.

ಇದನ್ನು ಕೇಳಿದವರು ನನ್ನದು ಗಟ್ಟಿ ಎದೆ ಎನ್ನುತ್ತಾರೆ. ಸುಳ್ಳು. ಸಂತೆಯಿಂದ ಮನೆಗೆ ನಡೆಯುವಾಗಲೇ ಸೆರಗೆಳೆದು ಕೈ ಮುಚ್ಚಿಕೊಂಡೆ. ಮನೆ ಮುಟ್ಟಿದ ಕೂಡಲೇ ತೆಗೆದುಬಿಡಬೇಕೆಂದಿದ್ದೆ. ಸಾಬೂನು ಹಚ್ಚಿದೆ, ಎಣ್ಣೆ ಹಚ್ಚಿದೆ. ಗಂಟು ದಾಟಲಿಲ್ಲ. ನನ್ನ ಕೈ ನಾನೇ ಹಿಂಡುತ್ತ ಕೂತರೆ ಅದು ಬಿಗಿಯುತ್ತಿತ್ತು, ಅವನು ಹೇಳಿದ ಹಾಗೆಯೇ. ಸಂತೆಯಲ್ಲಿ ಅವನಿಂದಲೇ ತೆಗೆಸಿಕೊಂಡರೆ ಹಳೆಯ ಮಾತು ಮತ್ತೆ ಏಳುತ್ತಿತ್ತು. ಮಗ ಉಣ್ಣುವಾಗ ನನ್ನ ಕಡೆ ನೋಡುವುದು ಬಿಟ್ಟ. ಗುಡಿಯಲ್ಲಿ ಅರಿಶಿನ ಕುಂಕುಮ ಹಂಚುವವಳು ನನ್ನ ಬಳೆ ನೋಡಿ ಕೈ ಚಾಚುತ್ತಾಳೆ, ಮುಖ ನೋಡಿ ಹಿಂದಕ್ಕೆ ತೆಗೆಯುತ್ತಾಳೆ. ಆಗ ನೆಲ ನೋಡುತ್ತ ನಿಲ್ಲುತ್ತೇನೆ. ಶರಣಪ್ಪನಿಗೆ ಹೀಗೆಯೇ ಆಗುತ್ತಿದ್ದಿರಬೇಕು, ಎಲ್ಲರೂ ತನ್ನ ಕೈಯನ್ನೇ ನೋಡುತ್ತಿದ್ದಾರೆಂದು.

ಕೊನೆಯ ಸಲ ಸುರಪುರಕ್ಕೆ ಹೋದದ್ದು ಬಳೆ ತೆಗೆಸಲಿಕ್ಕೇ. ಅವನು ಆಗ ಮನೆ ಬಿಟ್ಟು ಬರುತ್ತಿರಲಿಲ್ಲ. ಹೊಸ್ತಿಲಿಗೆ ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದ, ದನಿ ಕ್ಷೀಣವಾಗಿತ್ತು. ನನ್ನ ಕೈ ತೊಡೆಯ ಮೇಲಿಟ್ಟುಕೊಂಡು ಎಲುಬು ಹುಡುಕಿದ. ಈ ಸಲ ಅವನ ಕೈ ನಿಲ್ಲಲಿಲ್ಲ. ಹಿಡಿದರೂ ನಡುಗಿತು, ಒತ್ತಿದರೂ ನಡುಗಿತು. ಬಳೆಗಳು ಗಲಗಲ ಸದ್ದು ಮಾಡಿದವು.

"ಕೆಲಸ ಹಚ್ಚಿದ್ರೂ ಕೇಳವಲ್ದು ತಂಗಿ" ಎಂದ. "ಒಂದು ಕಲ್ಲು ತಗೊಂಡು ಒಡದಬಿಡು."

"ಒಮ್ಮಿ ಒಡಸಿಕೊಂಡೀನಿ ಅಣ್ಣಾ. ಇನ್ನೊಮ್ಮಿ ಒಲ್ಲೆ."

ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಕೈ ಮಾತ್ರ ಬಿಡಲಿಲ್ಲ, ನಾನು ಏಳುವವರೆಗೆ ಹಿಡಿದೇ ಇದ್ದ.

ಅವನು ಸತ್ತ ಸುದ್ದಿ ಸಂತೆಯಲ್ಲೇ ಸಿಕ್ಕಿತು. ಬಳೆ ಇನ್ನೂ ಕೈಯಲ್ಲಿವೆ. ಯಾರಾದರೂ ಮನೆಗೆ ಬಂದರೆ ಈಗಲೂ ಸೆರಗೆಳೆದು ಮುಚ್ಚಿಕೊಳ್ಳುತ್ತೇನೆ. ಕೂತವರಿಗೆ ನೀರು ಕೊಡಲು ಕೈ ಚಾಚಿದಾಗ ಸೆರಗಿನೊಳಗಿನಿಂದ ಸದ್ದಾಗುತ್ತದೆ.