ಮಾವನವರ ಕರೆಂಟು ಪೆಟ್ಟಿಗೆ ಮತ್ತು ರೇಡಿಯೋದ ಗರಗರ

ಗುರುವಾರ, ಮಧ್ಯಾಹ್ನ ಮೂರು ಗಂಟೆ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ಸ್ಥಳ, ಕುಷ್ಟಗಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ಅತ್ತೆಯವರು, ನನ್ನ ಯಜಮಾನರು ಮತ್ತು ರೇಡಿಯೋ. ಮಾವನವರು ಉಂಡು ಮಲಗಿದ್ದರು. ಹೀಗಾಗಿ ಏನಾದರೂ ಕೆಲಸ ಆಗುವ ಸಂಭವವಿತ್ತು.

ಆ ಸಂಜೆ ಏಳಕ್ಕೆ ಹೈದರಾಬಾದಿನ ರೇಡಿಯೋದಲ್ಲಿ ನನ್ನ ಮೈದುನ ಹಾಡುವವನಿದ್ದ. ಗಿರ್ದಾವರರಾಗಿ ನಿವೃತ್ತರಾದ ಮಾವನವರಿಗೆ, ಮಗ ಪೇಟಿ ಬಾರಿಸಿ, ಹಾಡಿ ಹೊಟ್ಟೆ ಹೊರೆಯುವುದು ಕಂದಾಯ ಖಾತೆಗೇ ಅವಮಾನವೆಂದು ತೋರಿತ್ತು. ಅವನು ಮನೆ ಬಿಟ್ಟ ದಿನದಿಂದ ಅವನ ಹೆಸರು ಎತ್ತಬಾರದೆಂದು ಅಪ್ಪಣೆಯಾಗಿತ್ತು. ಅತ್ತೆಯವರು ಮಗನ ದನಿ ಕೇಳಿ ಮೂರು ವರ್ಷವಾಗಿತ್ತು. ಹಾಡಿನ ಸುದ್ದಿಯನ್ನು ಕೊಪ್ಪಳದಿಂದ ಬಂದ ಅವರ ತಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟಿ ಹೋಗಿದ್ದರು.

ತೊಡಕು ಒಂದೇ. ನಮ್ಮ ರೇಡಿಯೋ ಹಗಲೆಲ್ಲ ಛಲೋ ಇದ್ದು, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಗರಗರ ಅನ್ನಲು ಸುರು ಮಾಡುತ್ತಿತ್ತು. ಊರಿಗೆ ಆಗ ವಿದ್ಯುತ್ ಬಂದಿರಲಿಲ್ಲ. ರೇಡಿಯೋ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಕಾರಣ ಹುಡುಕುವ ವಿದ್ವಾಂಸರಿಗೆ ಮಾತ್ರ ಓಣಿಯಲ್ಲಿ ಬರವಿರಲಿಲ್ಲ. ಒಬ್ಬರು ಗಿಣಿಗೇರಿಯ ರೈಲಿನ ಮೇಲೆ ತಪ್ಪು ಹಾಕಿದರು, ಅಷ್ಟು ದೂರದ ರೈಲು ನಮ್ಮ ಮನೆಯನ್ನೇ ಹುಡುಕಿಕೊಂಡು ಬರುವಂತೆ. ಇನ್ನೊಬ್ಬರು ಏರಿಯಲ್ ತಂತಿಯ ಮೇಲೆ ಕೂಡುವ ಕಾಗೆಗಳನ್ನು ಹಿಡಿದುಕೊಂಡರು. ವಿಚಾರಣೆಯ ಮುಖ್ಯಸ್ಥರು ಮಾವನವರೇ. ಅವರು ತನಿಖೆಗೆ ಬಂದು ರೇಡಿಯೋದ ಮುಂದೆ ನಿಂತರೆ ಗರಗರ ಬಂದ್.

"ನನ್ನ ಮುಂದ ಹ್ಯಾಂಗ ಸುಮ್ಮನೈತಿ ನೋಡ್ರಿ," ಎನ್ನುತ್ತಿದ್ದರು. "ಯಂತ್ರಕ್ಕೂ ಅಧಿಕಾರ ತಿಳೀತೈತಿ."

ನನ್ನ ತಂದೆ ಸಾಲಿ ಮಾಸ್ತರರು. ಎದ್ದ ಹಾಸಿಗೆ ಮಡಚುವುದರಿಂದ ಹಿಡಿದು ಎಲ್ಲವನ್ನೂ ಗಂಟೆಯ ಲೆಕ್ಕದಲ್ಲಿ ಮಾಡಿಸಿದವರು. ಅವರ ಮನೆಯಲ್ಲಿ ಬೆಳೆದವಳಿಗೆ ರೈಲು, ಕಾಗೆ ಬೇಕಾಗಿರಲಿಲ್ಲ. ಮೂರು ಗಂಟೆಗೆ ಇಲ್ಲದ ಸಪ್ಪಳ ದೀಪದ ಹೊತ್ತಿಗೆ ಬರುವುದಾದರೆ, ದೀಪದ ಹೊತ್ತಿನ ಕೆಲಸಗಳನ್ನು ಮೂರಕ್ಕೇ ಒಂದೊಂದಾಗಿ ಮಾಡಿ ನೋಡುವುದು. ಅಷ್ಟೇ.

ರೇಡಿಯೋ ಸುರು ಮಾಡಿಟ್ಟು ಕಂದೀಲು ಹಚ್ಚಿದೆ. ರೇಡಿಯೋ ಸುಮ್ಮನಿತ್ತು.

"ಹಗಲಾಗ ದೀಪ ಹಚ್ಚಿ ಯಾರ್ನ ಹುಡುಕಾಕ ಹತ್ತೀದಿ?" ಎಂದರು ಯಜಮಾನರು.

"ಸುಮ್ಮನ ಕುಂತವರನ್ನ," ಎಂದೆ.

ಬಾವಿಯ ಗಾಲಿ ತಿರುಗಿಸಿದ್ದಾಯಿತು. ಎಮ್ಮೆಯನ್ನು ಅಕಾಲದಲ್ಲಿ ಹಿಂಡಲು ಹೋಗಿ ಒದೆಸಿಕೊಂಡಿದ್ದೂ ಆಯಿತು. ಉಳಿದದ್ದು ಮಾವನವರ ಕರೆಂಟು ಪೆಟ್ಟಿಗೆ. ಮೊಣಕಾಲು ನೋವಿಗೆಂದು ಗಂಗಾವತಿಯ ವೈದ್ಯರೊಬ್ಬರು ಕೊಟ್ಟದ್ದು. ಕಟ್ಟಿಗೆಯ ಪೆಟ್ಟಿಗೆಯಲ್ಲಿ ಸುರುಳಿ ತಂತಿ, ಬ್ಯಾಟರಿ ಸೆಲ್ಲು, ಹಿಡಿದುಕೊಳ್ಳಲು ಎರಡು ಹಿತ್ತಾಳೆ ಹಿಡಿಕೆ. ಗುಂಡಿ ತಿರುವಿದರೆ ಒಳಗಿನ ತಗಡಿನ ಪಟ್ಟಿ ನಡುಗಿ ಕಿಡಿ ಹಾರಿ, ಕೈಗೆ ಜುಮ್ಮೆನ್ನುತ್ತಿತ್ತು. ದಿನಾ ದೀಪ ಹಚ್ಚಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಮಾವನವರು ಅದನ್ನು ಹಿಡಿದು ಕೂಡುತ್ತಿದ್ದರು. ನೋವು ಮೊಣಕಾಲಿಗೆ, ಕರೆಂಟು ಕೈಗೆ. ಅದನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಗೊರಕೆ ಹೊಡೆಯುತ್ತಿದ್ದ ಗಂಡನ ತಲೆದೆಸೆಯಿಂದ ಅತ್ತೆಯವರೇ ಪೆಟ್ಟಿಗೆ ಎತ್ತಿ ತಂದರು. ಗುಂಡಿ ತಿರುವಿದೆ. ರೇಡಿಯೋ ಗರಗರ ಎಂದು ಅರಚಿತು. ಏರಿಯಲ್ ತಂತಿ ಕಿತ್ತು ನೋಡಿದೆ. ಆದರೂ ಅರಚಿತು. ಸಪ್ಪಳ ಆಕಾಶದಿಂದ ಬರುತ್ತಿರಲಿಲ್ಲ, ಮನೆಯ ಯಜಮಾನಿಕೆಯಿಂದಲೇ ಬರುತ್ತಿತ್ತು. ಅಧಿಕಾರಕ್ಕೆ ರೇಡಿಯೋ ಹೆದರುತ್ತಿದ್ದ ಗುಟ್ಟೂ ತಿಳಿಯಿತು: ತನಿಖೆಗೆ ಬರುವಾಗ ಮುಖ್ಯಸ್ಥರು ಪೆಟ್ಟಿಗೆ ಬಂದ್ ಮಾಡಿ ಬರುತ್ತಿದ್ದರು.

ಅರಚಾಟಕ್ಕೆ ಮಾವನವರು ಎದ್ದು ಬಂದರು. ಅತ್ತೆಯವರು ಸೆರಗು ಸರಿಮಾಡಿಕೊಂಡು ನೇರವಾಗಿ ಹೇಳಿದರು:

"ಇವತ್ತ ಏಳಕ್ಕ ಹುಡುಗ ರೇಡಿಯೋದಾಗ ಹಾಡತಾನ. ನಿಮ್ಮ ಪೆಟಗಿ ಮುಚ್ಚಿಡ್ರಿ."

"ಯಾವ ಹುಡುಗ?"

"ನಾ ಹಡದಾಂವ. ನಿಮಗ ಗೊತ್ತಿರಲಿಕ್ಕಿಲ್ಲ."

ಮಾವನವರು ಕಂಬಕ್ಕೆ ಒರಗಿದರು. "ಮಂಡಲ ಹಿಡದೀನಿ. ನಡುವ ಒಂದ ದಿನ ಬಿಟ್ರೂ ಮುರೀತೈತಿ, ಮತ್ತ ಮೊದಲಿಂದ ಸುರು ಮಾಡಬೇಕು. ನನ್ನ ಮೊಣಕಾಲಿನ ಗತಿ ಏನು?"

"ಮೊಣಕಾಲ ದಿನಾ ಇರತೈತ್ರಿ. ಹಾಡ ಇವತ್ತ ಒಂದ ದಿನ."

ಔಷಧಕ್ಕೂ ವ್ರತದಂತೆ ನಲವತ್ತೆಂಟು ದಿನದ ಮಂಡಲ ಹಿಡಿಯುವ ಊರು ನಮ್ಮದು. ಮುರಿಯಿರೆಂದು ಒತ್ತಾಯಿಸಿದರೆ ಮುಂದೆ ಬರುವ ಪ್ರತಿ ಮೊಣಕಾಲು ನೋವೂ ನಮ್ಮ ತಲೆಗೇ. ನನಗೆ ಒಂದು ಮಾತು ನೆನಪಾಯಿತು. ರೇಡಿಯೋ ಮಾರಿದ ಅಂಗಡಿಯವನು ಅದರ ಬೆನ್ನು ಬಿಚ್ಚಿದ್ದಾಗ, ಒಳಗಿನ ಒಂದೆರಡು ಬಲ್ಬುಗಳಿಗೆ ತಗಡಿನ ಟೊಪ್ಪಿಗೆ ಇತ್ತು. ಯಾಕೆಂದು ಕೇಳಿದ್ದಕ್ಕೆ, ಒಂದರ ಗದ್ದಲ ಇನ್ನೊಂದಕ್ಕೆ ಹತ್ತದಿರಲಿ ಅಂತ ಎಂದಿದ್ದ.

"ಮಾವಾರ, ಮಂಡಲ ಮುರಿಯೂದು ಬ್ಯಾಡ್ರಿ," ಎಂದೆ. "ಹಿತ್ತಲದಾಗ ಡಬ್ಬಿಯೊಳಗ ಪೆಟಗಿ ಇಟ್ಟ, ಕೈನೂ ಅದರಾಗ ಇಟ್ಟ ಕುಂದರ್ರಿ, ಸಾಕು."

ಚಿಮಣಿ ಎಣ್ಣೆಯ ಖಾಲಿ ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿ, ವಾಸನೆ ಹೋಗುವಂತೆ ಬಿಸಿಲಿಗಿಟ್ಟೆ. ಗದ್ದಲ ನೆಲಕ್ಕಿಳಿಯಲೆಂದು ಡಬ್ಬಿಗೆ ತಂತಿ ಸುತ್ತಿ, ಇನ್ನೊಂದು ತುದಿಯನ್ನು ಹಾರೆಗೆ ಕಟ್ಟಿ, ಬಚ್ಚಲ ನೀರು ಹರಿಯುವ ಹಸಿ ಮಣ್ಣಿನಲ್ಲಿ ಯಜಮಾನರು ಹಾರೆ ಹೊಡೆದರು. ಅಂದು ಅವರು ಮಾಡಿದ ಕೆಲಸ ಅದೊಂದೇ, ಚೆನ್ನಾಗಿ ಮಾಡಿದರು.

ಏಳಕ್ಕೆ ಹತ್ತು ನಿಮಿಷವಿರುವಾಗ, ನಾಲ್ಕು ಹೋಬಳಿ ನಡುಗಿಸಿದ್ದ ಗಿರ್ದಾವರರು ಎಮ್ಮೆಯ ಪಕ್ಕ ಮಣೆ ಹಾಕಿಕೊಂಡು, ಎರಡೂ ಕೈ ಎಣ್ಣೆ ಡಬ್ಬಿಯೊಳಗೆ ತೂರಿಸಿ ಕುಳಿತರು. ಎಮ್ಮೆ ಅವರನ್ನೇ ನೋಡುತ್ತಿತ್ತು.

ಗರಗರ ಪೂರ್ತಿ ಹೋಗಲಿಲ್ಲ. ಪಕ್ಕದ ಮನೆಯಲ್ಲಿ ಜೋಳ ಕೇರಿದಷ್ಟು ಉಳಿಯಿತು. ಅದರ ನಡುವೆ ಮೈದುನನ ದನಿ ಬಂತು. ಅತ್ತೆಯವರು ಕಿವಿಯನ್ನು ರೇಡಿಯೋದ ಬಟ್ಟೆಗೆ ಹಚ್ಚಿ ಕುಳಿತರು. ಮೊದಲ ಹಾಡಿನ ನಡುವೆ, "ಸೊರಗ್ಯಾನ," ಎಂದರು. ದನಿಯಲ್ಲಿ ಮೈ ಹೇಗೆ ಕಂಡಿತೋ, ನಾನು ಕೇಳಲಿಲ್ಲ. ಎರಡನೆಯ ಹಾಡು ಎತ್ತಿಕೊಳ್ಳುವಾಗ ಜೋಳ ಕೇರುವ ಸಪ್ಪಳ ನಿಂತುಬಿಟ್ಟಿತು. ಅವನು ಉಸಿರು ಎಳೆದುಕೊಳ್ಳುವುದೂ ಕೇಳಿಸಿತು.

ಊಟಕ್ಕೆ ಕುಳಿತಾಗ ಮಾವನವರು ತಾಟಿಗೆ ಹೇಳಿದರು: "ಸೆಲ್ ಸತ್ತುವು. ಅದಕ್ಕ ನಡುವ ನಿಂತಿತು."

"ಇರಲಿ ಬಿಡ್ರಿ," ಎಂದು ಅತ್ತೆಯವರು ಅವರ ರೊಟ್ಟಿಗೆ ಬೆಣ್ಣೆ ಹಾಕಿದರು. ಮಂಡಲದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಪಾತ್ರೆ ತೊಳೆದು ಹಿತ್ತಲಿಗೆ ಹೋದೆ. ಹಾರೆ ಕಿತ್ತು ತೊಳೆದಿಟ್ಟೆ, ತಂತಿ ಸುತ್ತಿಟ್ಟೆ. ಪೆಟ್ಟಿಗೆಯ ಹಿಡಿಕೆ ಒರೆಸುವಾಗ ಗುಂಡಿ ತಿರುವಿ ನೋಡಿದೆ. ಸತ್ತ ಸೆಲ್ಲು ಮೊಣಕೈವರೆಗೆ ಹೊಡೆಯಿತು. ಗುಂಡಿ ಬಂದ್ ಮಾಡಿ, ಪೆಟ್ಟಿಗೆಯನ್ನು ಮಾವನವರ ತಲೆದೆಸೆಗೆ ಇಟ್ಟು ಬಂದು, ಡಬ್ಬಿಯನ್ನು ಬೋರಲು ಹಾಕಿದೆ.