ನಗಿಸಿ ಅಳೆಯುವ ನಮ್ಮ ಡಾಕ್ಟರು

ಬೆಳಿಗ್ಗೆ ಬಂದ ಕೂಡಲೇ ಬಾಯಿ ನೋಡುವ ಪುಟ್ಟ ಕನ್ನಡಿಗಳನ್ನು ಒಂದೊಂದಾಗಿ ಒರೆಸಿ ತಟ್ಟೆಯಲ್ಲಿಡುವುದು ನನ್ನ ಕೆಲಸ. ನಮ್ಮ ಡಾಕ್ಟರು ಎದುರು ನಿಂತು ತಾವೂ ನಾಲ್ಕು ಒರೆಸುತ್ತಿದ್ದರು. ನನ್ನದು ಮಾತು ಕಡಿಮೆಯೆಂದು ಅವರು ನನ್ನನ್ನು ಮೌನಮ್ಮ ಎಂದೇ ಕರೆಯುತ್ತಿದ್ದರು.

ಹಲ್ಲು ಸಾಲು ಮಾಡುವ ವಿದ್ಯೆಯಲ್ಲಿ, ಅದರಲ್ಲೂ ನಕ್ಕರೆ ವಸಡೆಲ್ಲ ಕಾಣುವವರ ಚಿಕಿತ್ಸೆಯಲ್ಲಿ, ಈ ಊರಿಗೆ ಅವರಷ್ಟು ಹಿರಿಯರು ಇನ್ನೊಬ್ಬರಿಲ್ಲ. ಅದನ್ನು ಅವರ ಗೌರವಕ್ಕೆಂದು ತರುತ್ತಿರುವ ಈ ಪುಸ್ತಕದಲ್ಲಿ ಅವರ ಶಿಷ್ಯರು ನನಗಿಂತ ಚೆನ್ನಾಗಿ ಬರೆದಿರುತ್ತಾರೆ. ನಾನು ಶಾಲೆ ಅರ್ಧಕ್ಕೆ ಬಿಟ್ಟು ಅವರಲ್ಲಿ ಕೆಲಸಕ್ಕೆ ಸೇರಿದವಳು. ನಕ್ಕರೆ ನನ್ನದೂ ವಸಡೇ ಮೊದಲು ಕಾಣುವುದು.

ಅವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಹಲ್ಲಿನ ಡಾಕ್ಟರು ಇಷ್ಟೊಂದು ತಮಾಷೆ ಮಾಡುವುದುಂಟೇ? ಒಮ್ಮೆ ಒಬ್ಬ ಹುಡುಗಿಯನ್ನು ಅವಳ ಚಿಕ್ಕಮ್ಮ ಕರೆತಂದರು.

"ಇವ್ಳು ನಕ್ರೆ ಅಂಗಡಿ ಬಾಗ್ಲು ತೆಗ್ದ ಹಾಗಾಗುತ್ತೆ ಡಾಕ್ಟ್ರೇ, ಕೊಯ್ದುಬಿಡಿ."

"ಇವಳ ಅಂಗಡಿ ಒಂದೊಂದ್ಸಲ ಮುಚ್ಚುತ್ತಲ್ಲಮ್ಮ. ನಿಮ್ದು ಬಂದಾಗಿನಿಂದ ತೆಗ್ದೇ ಇದೆ!"

ಹುಡುಗಿ ತಡೆಯಲಾರದೆ ನಕ್ಕಳು. ಅಷ್ಟರಲ್ಲಿ ಡಾಕ್ಟರ ಸ್ಕೇಲು ಅವಳ ತುಟಿಯ ಬಳಿ ಇತ್ತು. ಹಲ್ಲು ತೋರಿಸು ಎಂದರೆ ಜನ ಅರ್ಧವೇ ತೋರಿಸುತ್ತಾರೆ, ಮೈಮರೆತು ನಕ್ಕಾಗಲೇ ನಿಜವಾದ ಅಳತೆ ಸಿಗುವುದು ಎಂದು ನನಗೆ ಆಮೇಲೆ ತಿಳಿಯಿತು. ವಸಡು ಹಲ್ಲನ್ನು ಮುಚ್ಚಿದ್ದರೆ ವಸಡನ್ನಷ್ಟೇ ಕತ್ತರಿಸಿದರೆ ಸಾಕು. ಹಲ್ಲು ಕೆಳಗಿಳಿದಿದ್ದರೆ ತಂತಿ ಕಟ್ಟಿ, ಸಣ್ಣ ಸ್ಕ್ರೂ ಹಾಕಿ ಮೇಲಕ್ಕೆ ಸರಿಸಬೇಕು. ತುಟಿ ಅತಿಯಾಗಿ ಮೇಲೇರುತ್ತಿದ್ದರೆ ತುಟಿಗೇ ಚಿಕಿತ್ಸೆ. ದವಡೆಯೇ ಉದ್ದವಾಗಿದ್ದರೆ ಮಾತ್ರ ಮೂಳೆ ಕೊಯ್ಯುವ ದೊಡ್ಡ ಆಪರೇಷನ್. ಆ ಹುಡುಗಿಗೆ ವಸಡು ಕತ್ತರಿಸಿದ್ದೇ ಸಾಕಾಯಿತು.

ನನ್ನದನ್ನು ಕೇಳಿದರೆ ಮಾತ್ರ "ಆಮೇಲೆ ನೋಡೋಣ ಮೌನಮ್ಮ" ಎನ್ನುತ್ತಿದ್ದರು. ನಾನು ಆಸ್ಪತ್ರೆ ಸೇರಿದರೆ ಇಲ್ಲಿ ತೊಳೆಯುವವರು ಯಾರು ಎಂಬ ಲೆಕ್ಕಾಚಾರವಿರಬೇಕು ಎಂದುಕೊಂಡೆ. ನಮ್ಮಮ್ಮನ ಹಲ್ಲುಸೆಟ್ಟು ಚುಚ್ಚುತ್ತದೆಂದು ಮನೆಗೇ ಬಂದು ಉಜ್ಜಿ ಸರಿಮಾಡಿಕೊಟ್ಟಾಗಲೂ, ಇದರಲ್ಲೇನೋ ಇದೆ ಎಂದೇ ನೋಡಿದೆ. ನನ್ನದನ್ನು ಮಾತ್ರ ಯಾಕೆ ಅಳೆಯುವುದಿಲ್ಲ ಎಂದು ಕೊನೆಗೊಮ್ಮೆ ಕೇಳಿಯೇಬಿಟ್ಟೆ.

"ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗೋರದ್ದು ಎಲ್ಲಿಂದ ಅಳೀಲಿ?" ಎಂದರು.

ಅದು ನಿಜವೋ ನೆಪವೋ, ಇವತ್ತಿಗೂ ಪೂರ್ತಿ ನಂಬಿಕೆಯಿಲ್ಲ.

ಅವರು ನಿವೃತ್ತರಾದ ಮೇಲೆ ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿಯವರು "ಹಲ್ಲು ತೋರ್ಸು" ಎಂದರು, ತೋರಿಸಿದೆ. ದವಡೆ ಕೊಯ್ಯಬೇಕು ಎಂದರು. ಯಾರೂ ನಗಿಸಲಿಲ್ಲ. ಬರುವ ತಿಂಗಳು ಆಪರೇಷನ್. ನನಗೆ ಈಗ ನಮ್ಮ ಡಾಕ್ಟರಿಗಿಂತ ಆ ಆಸ್ಪತ್ರೆಯವರ ಮೇಲೆಯೇ ಹೆಚ್ಚು ಅನುಮಾನ.

ನಮ್ಮ ಡಾಕ್ಟರ ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ, ಬಹುಕಾಲ ಜನರನ್ನು ನಗಿಸುತ್ತಿರಲಿ. ಸರ್, ಒಂದು ದಿನ ಬನ್ನಿ. ಆಪರೇಷನ್ನಿಗೆ ಮೊದಲು ನನ್ನದನ್ನು ನೀವೇ ಅಳೆಯಿರಿ.