ಒಂದೇ ಮೈಕಿನ ಮುಂದೆ ಎರಡು ಬಾಯಿ

ಬೇರೆಯವರ ಇಂಗ್ಲಿಷ್ ತಿದ್ದುವುದು ನನ್ನ ಹಳೆಯ ಚಟ. ಎಪ್ಪತ್ತೆಂಟರ ವಯಸ್ಸಿನಲ್ಲಿ, ಕೋಬೆಯ ಒಂದು ಕಾಫಿ ಅಂಗಡಿಯಲ್ಲಿ, ಇಬ್ಬರು ಮುದುಕರ ಬಾಯಿಗೆ ಕೈ ಹಾಕುವ ತನಕ ಅದನ್ನು ಚಟ ಎಂದು ನಾನು ಒಪ್ಪಿರಲಿಲ್ಲ. ಎಜುಕೇಶನ್ ಎಂದುಕೊಂಡಿದ್ದೆ.

ಕೋಬೆಯಲ್ಲಿರುವುದು ಮಗಳ ಮನೆ. ಅವಳು ಹಡಗಿನ ಸರಕಿನ ಆಫೀಸೊಂದರಲ್ಲಿ ಇಪ್ಪತ್ತು ವರ್ಷದಿಂದ ಇದ್ದಾಳೆ. ಜಪಾನಿಯಲ್ಲೇ ಜಗಳ ಆಡುತ್ತಾಳೆ, ಬಹುಶಃ ಕನಸೂ ಅದರಲ್ಲೇ ಕಾಣುತ್ತಾಳೆ. ನಾನು ಬಂದು ನಾಲ್ಕು ವರ್ಷವಾಯಿತು. ನನ್ನ ಜಪಾನಿ 'ಕ್ಷಮಿಸಿ' ಎನ್ನುವ ಸುಮಿಮಾಸೆನ್, 'ಧನ್ಯವಾದ' ಎನ್ನುವ ಅರಿಗಾತೋಗಳಲ್ಲೇ ನಿಂತಿದೆ. ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಳ್ಳಲು ಅಷ್ಟು ಸಾಕು. ಮನೆಯಿಂದ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ರೈಲು ಹಳಿಯ ಕೆಳಗಿನ ಕಮಾನುಗಳಲ್ಲಿ ಅಂಗಡಿಸಾಲು. ಅಲ್ಲೊಂದು ಕಾಫಿ ಅಂಗಡಿಯಲ್ಲಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಬ್ಲೂಗ್ರಾಸ್ ಹಾಡುತ್ತಾರೆ. ಅಮೆರಿಕದ ಬೆಟ್ಟಸೀಮೆಯ ಸಂಗೀತ ಅದು: ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಗಿಟಾರು. ಕರೆಂಟು ಬೇಡುವ ವಾದ್ಯ ಒಂದೂ ಇಲ್ಲ. ಮೇಲೆ ರೈಲು ಹೋದಾಗ ಕಪ್ಪುಗಳು ಗಡಗಡ ಎನ್ನುತ್ತವೆ. ಬ್ಯಾಂಜೊದವನು ಅದಕ್ಕೆ ಸರಿಯಾಗಿ ಬೆರಳು ಓಡಿಸಿ ಜನರನ್ನು ನಗಿಸುತ್ತಾನೆ.

ಎಲ್ಲರೂ ನುಡಿಸಿದ ಮೇಲೆ ಕೊನೆಗೆ ಬರುವವರು ಆ ಅಣ್ಣತಮ್ಮಂದಿರು. ಅಣ್ಣನಿಗೆ ಎಂಬತ್ತರ ಹತ್ತಿರ, ಬಂದರಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ತಮ್ಮ ಮೂರು ವರ್ಷ ಚಿಕ್ಕವನು, ಈಗಲೂ ಕ್ಷೌರದ ಅಂಗಡಿ ನಡೆಸುತ್ತಾನೆ. ಹಿಂದಿನ ಕಾಲದಲ್ಲಿ ಆ ಬೆಟ್ಟಗಳಲ್ಲಿ ಅಣ್ಣತಮ್ಮಂದಿರು ಜೋಡಿಯಾಗಿ ಹಾಡುತ್ತಿದ್ದರಂತೆ, ಒಬ್ಬನದು ರಾಗ, ಇನ್ನೊಬ್ಬನದು ಅದರ ಮೇಲಿನ ಎರಡನೆಯ ದನಿ. ಇವರು ಹುಡುಗರಾಗಿದ್ದಾಗ ಹಡಗಿನವರ ಹತ್ತಿರ ಸಿಕ್ಕ ಹಳೆಯ ರೆಕಾರ್ಡು ಕೇಳಿ ಅದನ್ನು ಕಲಿತರು. ಅರವತ್ತು ವರ್ಷದಿಂದ ಅದನ್ನೇ ಹಾಡುತ್ತಿದ್ದಾರೆ. ಬಿಟ್ಟುಬಂದ ಮನೆ, ಬೆಟ್ಟದ ಮೇಲೆ ಮಣ್ಣಾದ ತಾಯಿ, ಸಿಗದೆ ಹೋದ ರೈಲು. ಇಷ್ಟೇ ಕತೆ, ಮೂರೇ ಸ್ವರಮೇಳ.

ನಿಲ್ಲುವುದು ಒಂದೇ ಮೈಕಿನ ಮುಂದೆ. ನಮ್ಮ ಕಡೆಗೆ ನೋಡುವುದೇ ಇಲ್ಲ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಒಬ್ಬರ ಬಾಯನ್ನು ಇನ್ನೊಬ್ಬರು ನೋಡುತ್ತಾ ಹಾಡುತ್ತಾರೆ. ಬಾಯಿ ತೆರೆಯುವ ಅಳತೆ, ಮುಚ್ಚುವ ಗಳಿಗೆ, ಉಸಿರು ಎಲ್ಲ ಒಂದೇ. ಎರಡು ದನಿ ಸೇರಿ ಅಲ್ಲಿಲ್ಲದ ಮೂರನೆಯವನೊಬ್ಬ ಹಾಡುತ್ತಿದ್ದಾನೆ ಅನ್ನಿಸುತ್ತದೆ. ಈ ಹಳೆಯ ಹಾಡುಗಳಿಗೆ ಇಷ್ಟು ದೂರದ ಊರಲ್ಲೂ ಜನ ಯಾಕೆ ಕಟ್ಟುಬೀಳುತ್ತಾರೆ ಎಂದು ಕೇಳಿದರೆ ನನ್ನ ಉತ್ತರ ಆ ಮೂರನೆಯವನೇ. ಒಂದೇ ಮನೆಯಲ್ಲಿ ಉಂಡು ಬೆಳೆದವರ ಗಂಟಲಿನಿಂದ ಮಾತ್ರ ಅವನು ಬರುತ್ತಾನೆ. ನನಗೆ ಅವನ ಪರಿಚಯ ಮೊದಲೇ ಇತ್ತು. ಮೊದಲ ಸಲ ಕೇಳಿದಾಗ ಕರ್ಚೀಫು ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತೆ.

ನಾಲ್ಕನೆಯ ಭಾನುವಾರವೋ ಐದನೆಯದೋ, ಅಣ್ಣ ನನ್ನ ಟೇಬಲಿನ ಹತ್ತಿರ ಬಂದು ಬಾಗಿ, ಬಂದರಿನ ಇಂಗ್ಲಿಷಿನಲ್ಲಿ ಹೇಳಿದ: "ಮೇಡಂ, ಇಂಡಿಯಾ ಇಂಗ್ಲಿಷ್ ವೆರಿ ಗುಡ್. ಅವರ್ ಇಂಗ್ಲಿಷ್, ಬ್ಯಾಡ್. ಪ್ಲೀಸ್ ಟೀಚ್."

ನಾನು ಕಲಿಸಿಯೇಬಿಟ್ಟೆ! ಹ್ಯಾಂಡ್‌ಬ್ಯಾಗಿನಲ್ಲಿ ಕೆಂಪು ಪೆನ್ನು ಇತ್ತು; ಮೇಷ್ಟರ ಮನೆ ಬೆಕ್ಕಿನ ಹಾಗೆ ಅದು ನನ್ನ ಜೊತೆಗೇ ಇರುತ್ತದೆ. ಅವನ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಪೂರಾ ಹಾಡು ಬರೆಸಿಕೊಂಡು, ಎಲ್ಲಿ ಬಾಯಿ ಅಗಲವಾಯಿತು, ಎಲ್ಲಿ ಮೂಗಿನಿಂದ ಬಂತು, ಎಲ್ಲಿ ಎಳೆದದ್ದು ಹೆಚ್ಚಾಯಿತು ಎಂದು ಮೂವತ್ತೊಂದು ಕಡೆ ಗುರುತು ಹಾಕಿದೆ. ತುಟಿ ಹೀಗೆ ಗುಂಡಗೆ ಮಾಡಬೇಕು ಎಂದು ಮಾಡಿ ತೋರಿಸಿದೆ. ಅವನು ಪ್ರತಿ ಗುರುತಿಗೂ ತಲೆ ಬಾಗಿ "ಸೆನ್ಸೆ" ಎಂದ. ಗುರುಗಳೇ ಎಂದು ಅರ್ಥ. ತಮ್ಮನೂ ಪಕ್ಕದಲ್ಲಿ ಮ್ಯಾಂಡೊಲಿನ್ ತಬ್ಬಿಕೊಂಡು ನಿಂತಿದ್ದ. ಅವನಿಗೆ ಇಂಗ್ಲಿಷ್ ಬಾರದು. ಅಷ್ಟೂ ಹಾಡನ್ನು ಅಣ್ಣನ ಬಾಯಿ ನೋಡಿಯೇ ಕಲಿತವನು. ಅವನ ಮುಖವನ್ನು ನಾನು ಆಗ ನೋಡಲಿಲ್ಲ.

ಮುಂದಿನ ತಿಂಗಳು ಮಗಳನ್ನೂ ಕರೆದುಕೊಂಡು ಹೋದೆ, ನನ್ನ ಶಿಷ್ಯರನ್ನು ತೋರಿಸಲು. ಸ್ಟ್ಯಾಂಡಿನ ಮೇಲೆ ನೋಟ್‌ಬುಕ್ಕಿನ ಆ ಹಾಳೆ ತೆರೆದಿಟ್ಟುಕೊಂಡು ಅಣ್ಣ ಹಾಡಿದ. ಡಿಕ್ಷನ್ ಪರ್ಫೆಕ್ಟ್. ತಮ್ಮನ ಬಾಯಿ ಮಾತ್ರ ಮೊದಲಿನ ಹಾಗೆಯೇ ತೆರೆದುಕೊಳ್ಳುತ್ತಿತ್ತು. ಒಂದೇ ಪದ ಎರಡು ಆಕಾರದಲ್ಲಿ ಹೊರಗೆ ಬಂದು, ಇಕ್ಕಟ್ಟಾದ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ನುಗ್ಗಿದಂತೆ ಸಿಕ್ಕಿಕೊಂಡಿತು. ಮೂರನೆಯವನು ಬರಲೇ ಇಲ್ಲ. ಎರಡನೆಯ ಚರಣದಲ್ಲಿ ತಮ್ಮ ನಿಲ್ಲಿಸಿದ. ಮ್ಯಾಂಡೊಲಿನ್ನನ್ನು ಪೆಟ್ಟಿಗೆಯಲ್ಲಿಟ್ಟು, ಎಲ್ಲರಿಗೂ ಬಾಗಿ, ಹೊರಟುಹೋದ. ಜನ ಚಪ್ಪಾಳೆ ತಟ್ಟಿದರು. ಅದನ್ನು ಕೇಳುವುದು ಇನ್ನೂ ಕಷ್ಟವಾಯಿತು.

ಕಾಫಿ ಅಂಗಡಿಯ ಯಜಮಾನಿ ಮಗಳ ಹತ್ತಿರ ಪಿಸುಮಾತಿನಲ್ಲಿ ಏನೋ ಹೇಳಿದಳು. ಇಳಿಜಾರು ಹತ್ತುವಾಗ ಮಗಳು ಬಾಯಿ ಬಿಟ್ಟಳು.

"ಅಮ್ಮಾ, ಸೀರಿಯಸ್ಲಿ, ನೀನು ಅವರ ಹಾಡು ಕರೆಕ್ಟ್ ಮಾಡ್ದ್ಯಾ?"

"ಅವರೇ ಕೇಳಿದ್ರು ಕಣೆ. ಪ್ಲೀಸ್ ಟೀಚ್ ಅಂದ್ರು."

"ಅದು ಮರ್ಯಾದೆಗೆ ಅನ್ನೋ ಮಾತಮ್ಮ! ಮನೆಗೆ ಬಂದೋರಿಗೆ ನೀನು ಏನಂತೀಯ? 'ಏನೂ ಮಾಡಿಲ್ಲ, ಬರೀ ತಿಳಿಸಾರು ಅನ್ನ' ಅಂತೀಯ. ಅವರು 'ಹೌದು, ಉಪ್ಪೂ ಕಮ್ಮಿ' ಅಂದ್ರೆ ಹೆಂಗಿರತ್ತೆ?"

"ಮತ್ತೆ ನಾನೇನು ಹೇಳ್ಬೇಕಿತ್ತು?"

"ನೋ ನೋ, ಬ್ಯೂಟಿಫುಲ್! ಅಷ್ಟೇ. ಇನ್ಮೇಲೆ ಆ ತಮ್ಮ ಹಾಡಲ್ಲ ಅಂದಿದಾರಂತೆ. ಪೆನ್ ತಗೊಂಡು ಹೋಗಿದ್ಯಾ ಬೇರೆ!"

ಆ ವಾರ ಇನ್ನೊಂದು ಅವಮಾನ ಕಾದಿತ್ತು. ಅಣ್ಣ ಆ ಪಾಠದ ದಿನ ಪ್ರೀತಿಯಿಂದ ಕೊಟ್ಟಿದ್ದ ಹಳೆಯ ಹಾಡುಗಳ ಸಿ.ಡಿ. ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಹಾಕಿ ಕೇಳಿದೆ. ಆ ಬೆಟ್ಟದ ಗಾಯಕರು ಮೂಗಿನಿಂದಲೇ ಹಾಡಿದ್ದರು. ಬಾಯಿ ಅಗಲ ಮಾಡಿದ್ದರು. ಎಲ್ಲಿ ನಾನು ಗುರುತು ಹಾಕಿದ್ದೆನೋ ಅಲ್ಲೆಲ್ಲ ಎಳೆದಿದ್ದರು. ಈ ಇಬ್ಬರು ಒಂದಕ್ಷರ ತಪ್ಪಿರಲಿಲ್ಲ. ಇಂಗ್ಲಿಷ್ ಎಂದರೆ ನಮ್ಮ ಕಾನ್ವೆಂಟಿನ ಐರಿಶ್ ಮದರ್ ಆಡುವುದೇ ಎಂದು ಎಪ್ಪತ್ತು ವರ್ಷ ನಂಬಿದ್ದವಳು ನಾನು. ಅರವತ್ತು ವರ್ಷ ಕಿವಿಕೊಟ್ಟು ಕಲಿತವರಿಗೆ ಕೆಂಪು ಶಾಯಿ ಬಳಿದಿದ್ದೆ.

ಮದರ್ ಹೆಸರು ಬಂದ ಮೇಲೆ ಅಕ್ಕನ ವಿಷಯ ಹೇಳದೆ ಇರಲಾರೆ.

ನಾವು ಬೆಳೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಅಪ್ಪ ಗಣಿ ಆಸ್ಪತ್ರೆಯ ಕಾಂಪೌಂಡರ್. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಪಕ್ಕದ ಸಾಲಿನ ಆಂಗ್ಲೋ ಇಂಡಿಯನ್ ಮನೆಗಳ ಗ್ರಾಮಫೋನು ಕೇಳಿ, ಬಾವಿಕಟ್ಟೆಯಲ್ಲಿ ನಾವಿಬ್ಬರೂ ಹಾಡುತ್ತಿದ್ದೆವು. ಅವಳದು ರಾಗ, ನನ್ನದು ಮೇಲಿನ ದನಿ. ಯಾರೂ ಹೇಳಿಕೊಟ್ಟದ್ದಲ್ಲ. ಅವಳ ಬಾಯಿ ನೋಡುತ್ತಿದ್ದರೆ ನನ್ನ ಬಾಯಿ ತಾನೇ ಜಾಗ ಹುಡುಕಿಕೊಳ್ಳುತ್ತಿತ್ತು. ನಮ್ಮ ಇಂಗ್ಲಿಷ್ ಅಪ್ಪಟ ಕನ್ನಡದ ನಾಲಗೆಯದು. ಮುಂದೊಂದು 'ಯ' ಸೇರಿಸದೆ ಈವ್ನಿಂಗ್ ಬರುತ್ತಿರಲಿಲ್ಲ. ಆಮೇಲೆ ನಾನು ಎಲೊಕ್ಯೂಶನ್ ಕ್ಲಾಸಿಗೆ ಆಯ್ಕೆಯಾದೆ. ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿ ನಾಲಗೆ ತಿದ್ದಿಕೊಂಡೆ. ಅಕ್ಕ ಆಯ್ಕೆಯಾಗಲಿಲ್ಲ.

ಸ್ಕೂಲ್ ಡೇ ಕಾನ್ಸರ್ಟಿಗೆ ನಮ್ಮ ಜೋಡಿ ಹಾಡು ಇತ್ತು. ರಿಹರ್ಸಲ್‌ನಲ್ಲಿ ಮದರ್ ಪಿಯಾನೊ ನಿಲ್ಲಿಸಿ ಕೇಳಿದರು, "ಹೂ ಸೆಡ್ ದಟ್? ಆ 'ಯೀವ್ನಿಂಗ್' ಯಾರದು?" ಹಾಲ್ ತುಂಬ ಹುಡುಗಿಯರು. ನಾನು ಅಕ್ಕನ ಕಡೆ ಬೆರಳು ತೋರಿಸಿದೆ.

ಹಾಗೆ ಹಾಡಿದ್ದು ನಾನು. ಅಕ್ಕ ಹೆದರಿಕೆಯಿಂದ ಅಂದು ಎಚ್ಚರವಾಗಿ ಸರಿಯಾಗಿಯೇ ಹಾಡಿದ್ದಳು. ಅವಳ ಪಕ್ಕ ನಿಂತ ಕೂಡಲೇ ನನ್ನ ಬಾಯಿ ಬಾವಿಕಟ್ಟೆಗೆ ಹೋಗಿಬಿಟ್ಟಿತ್ತು. ಮದರ್ ಅವಳನ್ನು ಪರದೆ ಎಳೆಯುವ ಕೆಲಸಕ್ಕೆ ಹಾಕಿದರು. ನಾನು ಒಬ್ಬಳೇ ಹಾಡಿ ನೀಲಿ ರಿಬ್ಬನ್ ಪಡೆದೆ. ಹಾಡು ಮುಗಿದಾಗ ಹಗ್ಗ ಎಳೆದು ನನ್ನ ಮುಂದೆ ಪರದೆ ಮುಚ್ಚಿದವಳು ಅಕ್ಕ. ಅವಳು ಏನೂ ಕೇಳಲಿಲ್ಲ. ಬಾವಿಕಟ್ಟೆಯಲ್ಲಿ ಮತ್ತೆ ಹಾಡಲೂ ಇಲ್ಲ. ಇದನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ, ಗಂಡನ ಹತ್ತಿರವೂ.

ಒಂದು ಜೋಡಿಯನ್ನು ಮುರಿದು ಅರವತ್ತೈದು ವರ್ಷ ಸುಮ್ಮನಿದ್ದವಳಿಗೆ ಎರಡನೆಯದನ್ನು ಹಾಗೇ ಬಿಡುವುದು ಆಗಲಿಲ್ಲ. ಕ್ಷಮೆ ಕೇಳಲು ಹೋಗುವಾಗ ಇಲ್ಲಿ ಸಿಹಿ ಒಯ್ಯುವ ಪದ್ಧತಿ. ಕೊಬ್ಬರಿ ಮಿಠಾಯಿ ಮಾಡಿ, ಮಗಳು ಹೇಳಿದ ಹಾಗೆ ಪೆಟ್ಟಿಗೆಗೆ ಕಾಗದ ಸುತ್ತಿ, ತಮ್ಮನ ಕ್ಷೌರದ ಅಂಗಡಿಗೆ ಹೋದೆವು. ಅವನು ಯಾರಿಗೋ ಗಡ್ಡ ಹೆರೆಯುತ್ತಿದ್ದ. ನಮ್ಮನ್ನು ಕಂಡು ಗಿರಾಕಿಯ ಮುಖಕ್ಕೆ ಬಿಸಿ ಟವೆಲ್ ಹೊದಿಸಿ, ಕೈ ಒರೆಸಿಕೊಂಡು ಬಂದು ಬಾಗಿದ. ನಾನು ಅವನಿಗಿಂತ ಕೆಳಗೆ ಬಾಗಲು ಹೋದೆ, ಸೊಂಟ ಹಿಡಿದುಕೊಂಡಿತು. ಮಗಳು ರಟ್ಟೆ ಹಿಡಿದು ಎತ್ತಿದಳು.

"ನಿಮ್ಮ ತಪ್ಪಲ್ಲ ಅಂತಿದಾರೆ," ಎಂದು ಮಗಳು ಅವನ ಮಾತನ್ನು ಕನ್ನಡಕ್ಕೆ ತಿರುಗಿಸಿದಳು. "ಅರವತ್ತು ವರ್ಷ ಅಣ್ಣ ನನ್ನ ಬಾಯಿ ನೋಡ್ತಿದ್ದ, ಈಗ ಪೇಪರ್ ನೋಡ್ತಾನೆ. ಅಣ್ಣನ ಮುಖ ಕಾಣ್ದೆ ನಂಗೆ ಹಾಡಕ್ಕೆ ಬರಲ್ಲ ಅಂತಾರೆ."

"ಆ ಪೇಪರ್ ಎಸೆದುಬಿಡೋಕೆ ಹೇಳು."

ಅವನು ಗಾಬರಿಯಾಗಿ ಕೈ ಅಲ್ಲಾಡಿಸಿದ. "ಸೆನ್ಸೆ ಕೊಟ್ಟಿದ್ದನ್ನ ಅಣ್ಣ ಹೆಂಗೆ ಎಸೀತಾನೆ ಅಂತಾರೆ."

ಆಗ ಬಿಸಿ ಟವೆಲಿನ ಒಳಗಿನಿಂದ ಗಿರಾಕಿ ಏನೋ ಗೊಣಗಿದ. ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು.

"ಏನಂತೆ?"

"ಹಂಗಾದ್ರೆ ಸೆನ್ಸೆನೇ ವಾಪಸ್ ತಗೊಳ್ಳಲಿ, ನನ್ನ ಮುಖ ಬೆಂದುಹೋಗ್ತಾ ಇದೆ, ಅಂದ್ರು."

ಮುಂದಿನ ತಿಂಗಳ ಭಾನುವಾರಕ್ಕೆ ಮಗಳು ನನಗೆ ನಾಲ್ಕು ಸಾಲು ಜಪಾನಿ ಬಾಯಿಪಾಠ ಮಾಡಿಸಿದಳು. ಎಲ್ಲರೂ ನುಡಿಸಿದ ಮೇಲೆ ಎದ್ದು ಆ ಮೈಕಿನ ಮುಂದೆ ನಿಂತೆ. ನಾನು ಕಲಿಸಿದ್ದು ತಪ್ಪು, ನೀವು ಹಾಡುತ್ತಿದ್ದದ್ದೇ ಸರಿ, ನಾನು ಸೆನ್ಸೆ ಅಲ್ಲ, ದಯವಿಟ್ಟು ಹಾಳೆ ಕೊಡಿ ಎಂದೆ. ನನ್ನ ಉಚ್ಚಾರಣೆ ಘೋರವಾಗಿತ್ತು. ಮುಂದಿನ ಸಾಲಿನ ಹೆಂಗಸೊಬ್ಬಳು ನಗು ತಡೆಯಲು ತುಟಿ ಕಚ್ಚಿಕೊಂಡದ್ದು ಕಂಡಿತು. ಯಾರೂ ನನ್ನನ್ನು ತಿದ್ದಲಿಲ್ಲ.

ಅಣ್ಣ ನೋಟ್‌ಬುಕ್ಕಿನಿಂದ ಹಾಳೆಯನ್ನು ನಾಜೂಕಾಗಿ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ನಾನೂ ಎರಡು ಕೈಯಲ್ಲಿ ತೆಗೆದುಕೊಂಡೆ. ಬಾಗಿಲ ಪಕ್ಕ, ಛತ್ರಿಗಳ ಬುಟ್ಟಿಯ ಹತ್ತಿರ ಮ್ಯಾಂಡೊಲಿನ್ ಪೆಟ್ಟಿಗೆ ಹಿಡಿದು ತಮ್ಮ ನಿಂತಿದ್ದ. ಬಂದ. ಇಬ್ಬರೂ ಮೂಗಿಗೆ ಮೂಗು ಹತ್ತಿರ ತಂದರು.

ಹಾಡು ಕೂಡಿಕೊಂಡಿತು. ಮೇಲೆ ರೈಲು ಹೋಯಿತು, ಬ್ಯಾಂಜೊದವನು ತಮಾಷೆ ಮಾಡಲಿಲ್ಲ. ಕೊನೆಯ ಚರಣದ ಒಂದು ಪದದಲ್ಲಿ ಮಾತ್ರ ಅಣ್ಣನ ತುಟಿ, ಎರಡು ತಿಂಗಳ ಅಭ್ಯಾಸದಿಂದ, ನಾನು ತೋರಿಸಿದ ಹಾಗೆ ಗುಂಡಗಾಯಿತು. ತಮ್ಮ ಅದನ್ನು ನೋಡುತ್ತಿದ್ದ. ಅವನದೂ ಗುಂಡಗಾಯಿತು. ಆಮೇಲಿನ ಎಲ್ಲ ಭಾನುವಾರಗಳಲ್ಲೂ ಆ ಪದ ಹಾಗೆಯೇ ಬರುತ್ತಿದೆ. ಕೇಳುವವರಿಗೆ ಗೊತ್ತಾಗುವುದಿಲ್ಲ. ಅದು ಬಂದಾಗ ನಾನು ಕಾಫಿ ಕಪ್ಪಿನ ಒಳಗೆ ನೋಡುತ್ತೇನೆ.

ಹಾಳೆ ವಾಪಸ್ ಪಡೆದ ದಿನವೇ ಸಂಜೆ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಮೈಸೂರಿನಲ್ಲಿ ತನ್ನ ಮಗಳ ಜೊತೆ ಇದ್ದಾಳೆ. ಫೋನನ್ನು ಯಾವಾಗಲೂ ಹಣೆಯ ಹತ್ತಿರ ಹಿಡಿಯುವುದರಿಂದ ನನಗೆ ಕಾಣುವುದು ಕುಂಕುಮ, ಕನ್ನಡಕ ಮಾತ್ರ. ಅಣ್ಣತಮ್ಮಂದಿರ ಕತೆಯಿಂದ ಶುರು ಮಾಡಿ, ಕೆಂಪು ಪೆನ್ನು, ಟವೆಲಿನ ಗಿರಾಕಿ ಎಲ್ಲ ಹೇಳಿ, ಕೊನೆಗೆ ತೊದಲುತ್ತಾ ರಿಹರ್ಸಲ್‌ಗೆ ಬಂದೆ.

"ಅಕ್ಕಾ, ಅವತ್ತು ಮದರ್ ಕೇಳ್ದಾಗ ನಾನು ನಿನ್ನ ಕಡೆ ಕೈ ತೋರಿಸ್ದೆ. ಹಾಡಿದ್ದು ನಾನು."

ಒಂದು ಬೆರಳು ಬಂದು ಕನ್ನಡಕವನ್ನು ಮೇಲಕ್ಕೆ ಸರಿಸಿತು.

"ಗೊತ್ತು ಕಣೇ," ಎಂದಳು. "ನಿನ್ನ ಬಾಯಿ ನೋಡ್ತಾನೇ ಇದ್ನಲ್ಲ ನಾನು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯೇನೋ ಅಂತ ಕಾದೆ. ಆಮೇಲೆ ಮದುವೆ, ಮಕ್ಕಳು… ಎಲ್ಲಿ ಪುರುಸೊತ್ತು?" ಎಂದು ನಕ್ಕಳು. ಅವಳು ನಗುವಾಗ ಫೋನ್ ಕೆಳಗೆ ಜಾರಿ, ಅಂದು ಮೊದಲ ಬಾರಿಗೆ ಅವಳ ಬಾಯಿ ಕಂಡಿತು. ಹಲ್ಲು ಕಟ್ಟಿಸಿಕೊಂಡಿದ್ದಾಳೆ. ಅದೂ ನನಗೆ ಗೊತ್ತಿರಲಿಲ್ಲ.

"ಎಲ್ಲಿ, ಒಂದು ಸಾಲು ಹೇಳು, ಹಳೇದು," ಎಂದಳು. ನಾನು ಶುರು ಮಾಡಿದೆ. ಕೋಬೆಗೂ ಮೈಸೂರಿಗೂ ನಡುವೆ ದನಿ ಒಂದು ಗಳಿಗೆ ತಡವಾಗಿ ತಲುಪುತ್ತದೆ. ಅವಳು ಸೇರಿಕೊಳ್ಳುವ ಹೊತ್ತಿಗೆ ನಾನು ಮುಂದೆ ಹೋಗಿಬಿಟ್ಟಿದ್ದೆ. ನಿಲ್ಲಿಸಿದೆ. ಅವಳ ತುಟಿಗಳು ಮಾತ್ರ ಪರದೆಯ ಮೇಲೆ ಇನ್ನೂ ಅಲ್ಲಾಡುತ್ತಿದ್ದವು, ನನಗಾಗಿ ಕಾಯುತ್ತಿದ್ದಂತೆ. ನನಗೆ ಅತ್ತ ನೋಡಲಾಗಲಿಲ್ಲ. ನೋಡದಿದ್ದರೆ ಹಾಡು ಸೇರುವುದಿಲ್ಲ ಎಂದು ಗೊತ್ತಿದ್ದೂ.